ಸರ್ ರೋಮ್‌ಗೆ ಹೋದ್ರಾ?

ಮೊನ್ನೆ ಸರ್ ತೀರಿಕೊಂಡರು. ನಮ್ಮ ಹಳೇ ಫ್ಯಾಕ್ಟರಿಯವರ ಮೊಬೈಲ್ ಗ್ರೂಪಿನಲ್ಲಿ ಬೆಳಗಿನಿಂದ ಕೈಮುಗಿದ ಚಿತ್ರಗಳು, ಉರಿಯುವ ದೀಪಗಳು. ಒಬ್ಬ ಮಹಾನುಭಾವ ಎಲ್ಲಿಂದ ಹುಡುಕಿ ತಂದನೋ, ‘ಎಗ್ರೀಜಿಯಸ್ ಲಾಸ್’ ಎಂದು ಹಾಕಿದ್ದ. ತುಂಬಾ ದೊಡ್ಡ ನಷ್ಟ ಎಂದು ಹೇಳುವುದು ಅವನ ಉದ್ದೇಶ. ಆದರೆ ಆ ಪದವನ್ನು ಈಗ ಬಳಸುವುದು ಛೀ ಅನ್ನಿಸುವಷ್ಟು ಕೆಟ್ಟ ಕೆಲಸಕ್ಕೆ. ಅದರ ಕೆಳಗೆ ಜನ ಸಾಲಾಗಿ ಹೆಬ್ಬೆರಳು ಎತ್ತಿದ್ದರು.

ಸರ್ ಇದ್ದಿದ್ದರೆ ಬೈಯುತ್ತಿರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡು, “ಪಾಪ, ಒಳ್ಳೇ ಮನೇಲಿ ಹುಟ್ಟಿದ ಪದ ಕಣಮ್ಮ ಇದು. ಹಿಂಡು ಬಿಟ್ಟು ಈಚೆ ಬಂದು ನಿಂತಿರೋ ಕುರಿ ಅಂತ. ಒಂದು ಕಾಲದಲ್ಲಿ ಹೊಗಳೋಕೆ ಹೇಳ್ತಿದ್ರು. ಆಮೇಲೆ ಸಹವಾಸ ಕೆಟ್ಟೋಯ್ತು” ಅನ್ನುತ್ತಿದ್ದರು.

ಅವರ ಹೆಸರು ಹಾಕುವುದಿಲ್ಲ. ಸತ್ತವರ ಫೋಟೋ ಹಾಕಿ ಲೈಕ್ ಎಣಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನನಗೂ ಆಗುವುದಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆ ಗ್ರೂಪಿನಲ್ಲಿ ಬರೆದಿರುವ ಒಂದು ಸಾಲಿನಲ್ಲೂ ಅವರಿಲ್ಲ.

ತುಮಕೂರಿನ ಪಕ್ಕದ ಅಂತರಸನಹಳ್ಳಿಯಲ್ಲಿ ಪಂಪಿನ ಬಿಡಿಭಾಗ ಮಾಡುವ ಫ್ಯಾಕ್ಟರಿ ನಮ್ಮದು. ಸಿಬ್ಬಂದಿಯ ಕಾಗದಪತ್ರ ನೋಡುವ ಪರ್ಸನೆಲ್ ಸೆಕ್ಷನ್ ಅಂದರೆ ಸರ್, ನಾನು, ಒಂದು ಕಂಪ್ಯೂಟರ್, ಕಿಟಕಿಯಾಚೆ ಒಂದು ಹೊಂಗೆ ಮರ. ಹೆಡ್ ಆಫೀಸಿನವರಿಗೆ ಎಲ್ಲ ಇಂಗ್ಲಿಷಿನಲ್ಲೇ ಆಗಬೇಕು. ವಾರ್ನಿಂಗ್, ಟ್ರಾನ್ಸ್‌ಫರ್, ಬಡ್ತಿ, ಏನೇ ಇದ್ದರೂ ಪತ್ರ ಹೋಗುವುದು ಸರ್ ಕೈಯಿಂದ. ಅವರು ಕುಣಿಗಲ್‌ನವರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದರು, ತೊಡೆಯ ಮೇಲೆ ಚೀಲ, ಚೀಲದಲ್ಲಿ ಒಂದು ದಪ್ಪ ಡಿಕ್ಷನರಿ, ಅದರ ಮೇಲೆ ಊಟದ ಡಬ್ಬಿ. ಡಿಕ್ಷನರಿಗೆ ಹುಳಿಯ ವಾಸನೆ ಬರುತ್ತಿತ್ತು.

ಹೊಸ ಇಂಗ್ಲಿಷ್ ಪದ ಕಂಡರೆ ಅವರು ಹೆಣ್ಣು ನೋಡಲು ಹೋದವರ ಹಾಗೆ ವಿಚಾರಿಸುತ್ತಿದ್ದರು. ಯಾವ ಊರು, ಯಾರ ಮನೆ, ಈಗ ಯಾರ ಜೊತೆ ಓಡಾಡುತ್ತೆ. ಹುಟ್ಟೂರು ಒಂದೇ ಸಾಲದು, ಈಗಿನ ಓಡಾಟವೂ ಗೊತ್ತಿರಬೇಕು ಎನ್ನುತ್ತಿದ್ದರು. ನಾನು ಒಮ್ಮೆ ಮ್ಯಾನೇಜರ್‌ಗೆ ಬರೆದ ರಜಾ ಅರ್ಜಿಯಲ್ಲಿ ಅಮ್ಮನ ಆರೋಗ್ಯ ‘ಪ್ರಿಕೇರಿಯಸ್’, ಅಂದರೆ ಈಗಲೋ ಆಗಲೋ ಅನ್ನುವ ಹಾಗಿದೆ, ಎಂದು ಹಾಕಿದ್ದೆ. ಗಾಂಭೀರ್ಯಕ್ಕೆ ಇರಲಿ ಅಂತ. ಸರ್ ಅದರ ಮೇಲೆ ಬೆರಳಿಟ್ಟರು.

“ನಿಮ್ಮಮ್ಮನಿಗೆ ಏನಾಗಿದೆ?”

“ಶೀತ ಸರ್.”

“ಶೀತಕ್ಕೆ ಇದು ಜಾಸ್ತಿ ಆಯ್ತಮ್ಮ. ಇದು ಬೇಡ್ಕೊಂಡು ಪಡೆದಿದ್ದು ಅನ್ನೋ ಮಾತಿಂದ ಬಂದಿದ್ದು. ಕೊಟ್ಟೋರು ಯಾವಾಗ ಬೇಕಾದ್ರೂ ಕಿತ್ಕೋಬಹುದು. ದೇವರಾಯನದುರ್ಗಕ್ಕೆ ಹರಕೆ ಹೊತ್ತು ಉಳಿಸ್ಕೊಂಡಿರೋ ಜೀವಕ್ಕೆ ಹಾಕು. ನಿಮ್ಮಮ್ಮನಿಗೆ ಮೆಣಸಿನ ಸಾರು ಸಾಕು.”

ಇದೆಲ್ಲ ಚೆಂದ. ತೊಂದರೆ ಇದ್ದದ್ದು ಬೇರೆ ಕಡೆ. ಕೆಲಸಗಾರರನ್ನು ಕರೆದು ಪತ್ರ ಕೊಡುವಾಗಲೂ ಸರ್ ಮೊದಲು ಪದದ ಹುಟ್ಟೂರು ಹೇಳುತ್ತಿದ್ದರು, ಆಮೇಲೆ ವಿಷಯಕ್ಕೆ ಬರುತ್ತಿದ್ದರು. ಒಮ್ಮೆ ಗುಬ್ಬಿ ಕಡೆಯ ಇಬ್ಬರು ವೆಲ್ಡರ್‌ಗಳು ಹೊಡೆದಾಡಿಕೊಂಡರು. ವಾರ್ನಿಂಗ್ ಪತ್ರದಲ್ಲಿ ಎದುರಾಳಿ ಎನ್ನಲು ‘ರೈವಲ್’ ಎಂಬ ಪದವಿತ್ತು. ಸರ್ ಇಬ್ಬರನ್ನೂ ಎದುರು ಕೂರಿಸಿ, ಹಿಂದೆ ರೋಮ್ ದೇಶದಲ್ಲಿ ಒಂದೇ ಕಾಲುವೆಯ ನೀರು ಹಾಯಿಸಿಕೊಳ್ಳುವವರಿಗೆ ಹಾಗೆ ಹೇಳುತ್ತಿದ್ದರು ಎಂದರು. ಒಬ್ಬ ಫಕ್ಕನೆ ನಕ್ಕ. “ಸರಿಯಾಗೇ ಐತೆ ಬುಡಿ ಸಾ. ಇವ್ರಪ್ಪ ರಾತ್ರೋರಾತ್ರಿ ನಮ್ ತೂಬು ಮುಚ್ಚ್‌ತಿದ್ದ.” ಇನ್ನೊಬ್ಬನೂ ನಕ್ಕ. ವಾರ್ನಿಂಗ್ ತಗೊಂಡು ಇಬ್ಬರೂ ಒಟ್ಟಿಗೆ ಕ್ಯಾಂಟೀನಿಗೆ ಹೋದರು.

ಹಾಗಾಗಿ ಸರ್‌ಗೆ ತಮ್ಮ ಕಥೆಯ ಮೇಲೆ ನಂಬಿಕೆ ಬಂದಿತ್ತು. ಕೆಲಸಗಾರರು ಮಾತ್ರ ಹುಷಾರಾಗಿದ್ದರು. ಸಣ್ಣ ವಿಷಯ ಇದ್ದರೆ ಸರ್ ಕಥೆ ಮೈಸೂರು, ಮದ್ರಾಸು, ಹೆಚ್ಚೆಂದರೆ ಲಂಡನ್‌ನಲ್ಲಿ ಮುಗಿಯುತ್ತದೆ, ರೋಮ್‌ಗೆ ಹೋದರೆ ಏನೋ ಕಾದಿದೆ ಎಂಬುದು ಅವರ ಲೆಕ್ಕಾಚಾರ. ನಮ್ಮ ಬಾಗಿಲಿಂದ ಯಾರಾದರೂ ಪತ್ರ ಹಿಡಿದು ಹೊರಬಿದ್ದರೆ ಕ್ಯಾಂಟೀನಿನಲ್ಲಿ ಮೊದಲ ಪ್ರಶ್ನೆ ಅದೇ.

“ಏನ್ಲಾ, ಸರ್ ರೋಮ್‌ಗೆ ಹೋದ್ರಾ?”

ಒಂದು ವರ್ಷ ಗ್ರೈಂಡಿಂಗ್ ಸೆಕ್ಷನ್ ಮುಚ್ಚುತ್ತಾರೆ ಎಂಬ ಸುದ್ದಿ ಹಬ್ಬಿತು. ಕೆಲವರನ್ನು ಬೇರೆ ಸೆಕ್ಷನ್ನಿಗೆ ಹಾಕಿ ಉಳಿಸಿಕೊಳ್ಳುತ್ತಾರೆ, ಉಳಿದವರನ್ನು ಕಳಿಸುತ್ತಾರೆ. ಯಾರು ಯಾರು ಎಂದು ಯಾರಿಗೂ ಗೊತ್ತಿಲ್ಲ. ಊಟದ ಹೊತ್ತಿನಲ್ಲಿ ಮಾತು ನಿಂತುಹೋಯಿತು. ನಾನು ಶೆಡ್ಡಿನೊಳಗೆ ನಡೆದರೆ ಜನ ನನ್ನ ಮುಖ ಓದಲು ನೋಡುತ್ತಿದ್ದರು.

ಆ ಸೆಕ್ಷನ್ನಿನಲ್ಲಿ ನಂಜಪ್ಪ ಎಂಬುವನಿದ್ದ. ಚೇಳೂರಿನಿಂದ ಒಳಗೆ ಅವನ ಊರು. ಐವತ್ತು ದಾಟಿತ್ತು, ಮಾತು ಕಡಿಮೆ, ಆಯುಧಪೂಜೆಗೆ ಮೆಷಿನ್ನಿಗೆ ತಾನೇ ಕುಂಕುಮ ಹಚ್ಚಬೇಕು ಎನ್ನುವ ಹಠ. ಊರಿಂದ ಬಂದಾಗಲೆಲ್ಲ ಸರ್‌ಗೆ ಎರಡು ಎಳನೀರು ತರುತ್ತಿದ್ದ. ಅವನ ಪುಣ್ಯಕ್ಕೆ ಒಂದು ದಾರಿ ಇತ್ತು. ಹಿಂದೆ ನಮ್ಮಲ್ಲೇ ಇದ್ದು, ಈಗ ಅದೇ ಏರಿಯಾದ ಇನ್ನೊಂದು ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದ ಬಸವರಾಜು, ತನ್ನ ಕಡೆ ಒಬ್ಬ ಗ್ರೈಂಡರ್ ಬೇಕು, ನಿಮ್ಮಲ್ಲಿ ಬಿಟ್ಟರೆ ನಂಜಪ್ಪ ಬರಲಿ ಎಂದು ಹೇಳಿಟ್ಟಿದ್ದ. ಆ ವಯಸ್ಸಿನವನನ್ನು ಬೇರೆ ಯಾರೂ ಕರೆಯುವುದಿಲ್ಲ. ಇದು ನಂಜಪ್ಪನಿಗೂ ಗೊತ್ತು, ನಮಗೂ ಗೊತ್ತು.

ಹೆಡ್ ಆಫೀಸಿನಿಂದ ಪತ್ರಗಳು ಶುಕ್ರವಾರ ಬಂದವು. ನಂಜಪ್ಪನ ಪತ್ರದಲ್ಲಿ ನಿಮ್ಮ ಹುದ್ದೆ ‘ರಿಡಂಡೆಂಟ್’ ಆಗಿದೆ ಎಂದಿತ್ತು. ಅಂದರೆ ಹೆಚ್ಚುವರಿ, ಬೇಕಾಗಿಲ್ಲ, ತಿಂಗಳ ಕೊನೆಗೆ ಹೊರಡು. ಸರ್ ಆ ಮಧ್ಯಾಹ್ನ ಊಟದ ಡಬ್ಬಿ ತೆಗೆಯಲೇ ಇಲ್ಲ. ಮನೆಗೆ ಹಾಗೇ ವಾಪಸ್ ಹೋಯಿತು.

ಶನಿವಾರ ಒಬ್ಬೊಬ್ಬರನ್ನೇ ಕರೆದರು. ನಂಜಪ್ಪನ ಸರದಿ ಬಂದಾಗ ನಾನು ಸೀಲ್ ಹಾಕಿಸಲು ಮ್ಯಾನೇಜರ್ ಕ್ಯಾಬಿನ್ನಿಗೆ ಹೋಗಿದ್ದೆ. ವಾಪಸ್ ಬಂದರೆ ನಂಜಪ್ಪ ಸರ್ ಕಾಲಿಗೆ ಬೀಳುತ್ತಿದ್ದ. ಎದ್ದವನ ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಪತ್ರವನ್ನು ಕಣ್ಣಿಗೆ ಒತ್ತಿಕೊಂಡು, ನನಗೂ ಕೈಮುಗಿದು ಹೋದ.

ಕೆಲಸ ಕಳೆದುಕೊಂಡವನು ಯಾಕೆ ಕಾಲಿಗೆ ಬೀಳುತ್ತಾನೆ?

“ಸರ್, ಏನು ಹೇಳಿದ್ರಿ ಅವನಿಗೆ?”

“ಮೂಲ ಹೇಳ್ದೆ. ನೀರು ತುಂಬಿ, ಅಲೆ ಎದ್ದು, ಅಂಚು ಮೀರಿ ಹರಿಯೋದು. ನಮ್ ಕುಣಿಗಲ್ ಕೆರೆ ಕೋಡಿ ಬೀಳುತ್ತಲ್ಲ, ಹಂಗೆ. ನಿನ್ನ ಸರ್ವೀಸೂ ಹಂಗೇ ತುಂಬಿ ಬಂದಿದೆ ಕಣಪ್ಪ ಅಂದೆ.”

“ಆಮೇಲೆ?”

“ಆಮೇಲೆ ಏನು?”

“ಅರ್ಥ ಹೇಳಿದ್ರಾ?”

ಸರ್ ಕನ್ನಡಕ ಒರೆಸತೊಡಗಿದರು. “ಪತ್ರ ಕೈಲಿದೆಯಲ್ಲಮ್ಮ. ಮನೇಲಿ ಯಾರ ಹತ್ರಾನಾದ್ರೂ ಓದಿಸ್ಕೋತಾನೆ.”

ನಮ್ಮ ಕಡೆ ಕೆರೆ ಕೋಡಿ ಬೀಳುವುದು ಅಂದರೆ ಏನು ಎಂದು ಹೊರಗಿನವರಿಗೆ ಒಂದು ಮಾತು ಹೇಳಬೇಕು. ಎಷ್ಟೋ ವರ್ಷ ಒಣಗಿದ್ದ ಕೆರೆ ತುಂಬಿ, ಹೆಚ್ಚಿನ ನೀರು ಕೋಡಿಯ ಮೇಲೆ ಧುಮುಕಿದರೆ ಊರಿಗೆ ಊರೇ ಹೋಗಿ ನಿಲ್ಲುತ್ತದೆ. ಹೆಂಗಸರು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಇಟ್ಟು ಗಂಗಮ್ಮನಿಗೆ ಬಾಗಿನ ಬಿಡುತ್ತಾರೆ. ಅದಕ್ಕಿಂತ ದೊಡ್ಡ ಶುಭ ನಮಗೆ ಇನ್ನೊಂದಿಲ್ಲ. ಅಂಥ ಮಾತನ್ನು ಸರ್ ಅವನ ಕೈಗೆ ಕೊಟ್ಟು ಕಳಿಸಿದ್ದರು.

ಸೋಮವಾರ ನಂಜಪ್ಪ ರಜೆ. ಮಧ್ಯಾಹ್ನ ಮೂರರ ಹೊತ್ತಿಗೆ ಆಫೀಸಿನ ಫೋನ್ ಬಡಿದುಕೊಂಡಿತು. ಬಸವರಾಜು.

“ಏನ್ರೀ ಮೇಡಂ, ನಿಮ್ ನಂಜಪ್ಪಂದು ಏನ್ ಕಥೆ? ಬೆಳಗ್ಗೆ ಫೋನ್ ಮಾಡಿ ನಾನು ಬರಲ್ಲಣ್ಣ, ನಮ್ ಕಂಪ್ನಿಯೋರು ದೊಡ್ಡ ಮಾತು ಬರ್ದು ಪತ್ರ ಕೊಟ್ಟವ್ರೆ, ನನ್ನ ಬುಡಲ್ಲ ಅಂದ. ಸೆಕ್ಷನ್ನೇ ಮುಚ್ತಾವ್ರೆ ಅಂತ ಇಲ್ಲಿ ಎಲ್ರಿಗೂ ಗೊತ್ತು. ಐದು ಗಂಟೆಗೆ ನಮ್ ಸಾಹೇಬ್ರು ಹೊರಡ್ತಾರೆ. ಅಷ್ಟರೊಳಗೆ ಒಂದು ಹೆಸರು ಕೊಡ್ಬೇಕು ನಾನು. ಇನ್ನೊಬ್ಬ ಬಂದು ಗೇಟಲ್ಲೇ ಕೂತವ್ನೆ.”

ಸರ್ ಫೋನ್ ಕಿತ್ತುಕೊಂಡರು. “ಬಸವರಾಜು, ಅವನು ಬರ್ತಾನೆ. ನಾನು ಹೇಳ್ತಿದೀನಿ, ಅವನ ಹೆಸರೇ ಕೊಡು.”

“ಆಗಲ್ಲ ಸರ್. ಬೇಡ ಅಂದೋನು ಅವನು. ಅವನ ಬಾಯಿಂದ್ಲೇ ಬರ್ಬೇಕು. ನಾಳೆ ಅವನು ಬರ್ಲಿಲ್ಲ ಅಂದ್ರೆ ಹೋಗೋದು ನನ್ ಮಾನ.”

ನಂಜಪ್ಪನ ಫೋನಿಗೆ ಮಾಡಿದೆವು. ಸಿಗಲಿಲ್ಲ. ಮತ್ತೆ ಮಾಡಿದೆವು. ಅವನೂರಿನಲ್ಲಿ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ ಎಂದು ಯಾರೋ ಹೇಳಿದರು. ಸರ್ ಕುರ್ಚಿಯಿಂದ ಎದ್ದು ಚೀಲವನ್ನೂ ಟವೆಲ್ಲನ್ನೂ ಹೆಗಲಿಗೆ ಹಾಕಿಕೊಂಡರು. “ಬಸ್ ಎಷ್ಟೊತ್ತಿಗಮ್ಮ?” ಅಂದರು. ಬಸ್ಸಿಗೆ ಕಾದರೆ ಅಲ್ಲಿಗೆ ತಲುಪುವಾಗ ಕತ್ತಲಾಗುತ್ತದೆ. ನಾನು ಸ್ಕೂಟರ್ ಕೀ ತೆಗೆದೆ.

ಡಿಕ್ಷನರಿಯ ಚೀಲವನ್ನು ನಮ್ಮಿಬ್ಬರ ಮಧ್ಯೆ ಗೋಡೆಯ ಹಾಗೆ ಇಟ್ಟುಕೊಂಡು ಸರ್ ಹಿಂದೆ ಕೂತರು. ಬೇರೆ ದಿನವಾಗಿದ್ದರೆ ನಾನು ಆ ದೃಶ್ಯ ನೆನೆಸಿಕೊಂಡು ವಾರವಿಡೀ ನಗುತ್ತಿದ್ದೆ. ಗುಬ್ಬಿ ದಾಟಿದ ಮೇಲೆ ನಾನೇ ಮಾತು ಶುರು ಮಾಡಿದೆ.

“ಸರ್, ಅಲ್ಲಿ ಹೋಗಿ ಮತ್ತೆ ರೋಮ್‌ಗೆ ಹೋಗಬೇಡಿ.”

“ನೀನೇ ಹೇಳಿಬಿಡಮ್ಮ. ನೀನು ಹೇಳಿದ್ರೆ ಚೆನ್ನಾಗಿ ತಗೋತಾನೆ.”

“ನಾನು ಹೇಳಲ್ಲ. ಕೋಡಿ ಬೀಳಿಸಿದ್ದು ನೀವು.”

ಚೇಳೂರಿಗೆ ಇನ್ನೂ ದೂರವಿರುವಾಗ ರಸ್ತೆ ತುಂಬಾ ಕುರಿ ಹಿಂಡು. ಹಾರ್ನ್ ಹೊಡೆದರೂ ಕುರಿಗಳಿಗೆ ಅವಸರವಿಲ್ಲ, ಕಾಯುವವನಿಗೆ ಮೊದಲೇ ಇಲ್ಲ. ಒಂದು ಟಗರು ಹಿಂಡು ಬಿಟ್ಟು ನಮ್ಮ ಚಕ್ರದ ಮುಂದೆ ಬಂದು ನಿಂತಿತು. ನಾನು ಕನ್ನಡಿಯಲ್ಲಿ ಸರ್ ಮುಖ ನೋಡಿದೆ. ಈ ಹೊತ್ತಿಗೆ ಎಗ್ರೀಜಿಯಸ್ ಕಥೆ ಬರಬೇಕಿತ್ತು. ಬರಲಿಲ್ಲ. ಅವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಆಮೇಲೆ ಇಳಿದು, ಇಸ್ತ್ರಿ ಹಾಕಿದ ಪ್ಯಾಂಟಿನಲ್ಲೇ ಕುರಿಗಳ ಮಧ್ಯೆ ನುಗ್ಗಿ, ಎರಡೂ ಕೈಯಿಂದ ದಾರಿ ಬಿಡಿಸತೊಡಗಿದರು. ಕುರಿ ಕಾಯುವವನು “ಯಾವೂರ್ ಸ್ವಾಮಿ ನಿಮ್ದು, ಮೈಮೇಲೆ ಏನಾರ ಬಂದೈತಾ?” ಎಂದು ಕೇಳಿದ. ಸರ್ ಓಡಿ ಬಂದು ಮತ್ತೆ ಸ್ಕೂಟರ್ ಹತ್ತಿದರು.

ನಂಜಪ್ಪನ ಮನೆ ಮುಂದೆ ರಂಗೋಲಿ ಇತ್ತು. ಒಳಗಿಂದ ಹೋಳಿಗೆ ಬೇಯುವ ವಾಸನೆ. ಅವನೂರಿನ ಕೆರೆ ಆ ವಾರವೇ ತುಂಬಿತ್ತು, ಗಂಡಹೆಂಡತಿ ಬೆಳಿಗ್ಗೆ ಬಾಗಿನ ಬಿಟ್ಟು ಬಂದಿದ್ದರು. ಎರಡು ಕೋಡಿ ಒಟ್ಟಿಗೆ ಬಿದ್ದವು ಎಂದು ಅವನ ಖುಷಿ. ನಮ್ಮನ್ನು ನೋಡಿದ್ದೇ ನಂಜಪ್ಪ ಅಂಗಳಕ್ಕೆ ಓಡಿ ಬಂದ. ಹೊಸ ಅಂಗಿ ಹಾಕಿದ್ದ.

“ಲೇ ಗೌರಿ, ಯಾರು ಬಂದವ್ರೆ ನೋಡೇ. ಸಾಹೇಬ್ರೇ ಬಂದವ್ರೆ.”

ಗೋಡೆಯ ಗೂಡಿನಲ್ಲಿ ದೇವರ ಪಟ. ಪಟದ ಮುಂದೆ ಆ ಪತ್ರ, ಮಡಿಸಿದ ಹಾಗೇ, ಮೇಲೊಂದು ಕುಂಕುಮದ ಬೊಟ್ಟು, ಒಂದು ಚೆಂಡುಹೂವು. ನಮ್ಮ ಕಡೆ ಇಂಗ್ಲಿಷ್ ಕಾಗದ ಮನೆಗೆ ಬಂದರೆ ಮೊದಲು ಹೋಗುವ ಜಾಗ ಅದು. ಓದುವುದು ಆಮೇಲೆ. ಒಳ್ಳೆಯದು ಎಂದು ಗೊತ್ತಾದ ಕಾಗದವನ್ನು ಯಾರೂ ಓದುವುದೂ ಇಲ್ಲ.

ಒಳಗಿನ ಚಾಪೆಯ ಮೇಲೆ ನಂಜಪ್ಪನ ದೊಡ್ಡಣ್ಣ ಕೂತಿದ್ದರು, ವಯಸ್ಸಾದವರು. ನಂಜಪ್ಪ ಸರ್ ಕೈ ಹಿಡಿದು ಅವರ ಪಕ್ಕ ಕೂರಿಸಿದ. “ಸರ್, ಆ ಮಾತು ನಮ್ಮಣ್ಣಂಗೂ ಒಂದ್ಸಲ ಹೇಳಿ. ನಾನು ಹೇಳಿದ್ರೆ ನಂಬ್ತಾ ಇಲ್ಲ. ಅದೇ, ರೋಮ್‌ದು.”

ಗೋಡೆ ಗಡಿಯಾರದಲ್ಲಿ ಐದಕ್ಕೆ ಸ್ವಲ್ಪವೇ ಬಾಕಿ. ಸರ್ ಬಾಯಿ ತೆರೆದರು.

“ಲ್ಯಾಟಿನ್‌ನಲ್ಲಿ ಒಂದು...” ಅಂದರು.

ದೊಡ್ಡಣ್ಣ ಕಿವಿಗೆ ಕೈ ಅಡ್ಡ ಇಟ್ಟು ಮುಂದಕ್ಕೆ ಬಾಗಿದರು. ನಂಜಪ್ಪನ ಹೆಂಡತಿ ಗೌರಮ್ಮ ಸೌಟು ಹಿಡಿದೇ ಬಾಗಿಲಲ್ಲಿ ನಿಂತಿದ್ದಳು. ಸರ್ ನಿಲ್ಲಿಸಿದರು. ಎದುರಿಗಿದ್ದ ಚೊಂಬಿನ ನೀರು ಕುಡಿದರು. ಚೊಂಬು ಕೆಳಗಿಟ್ಟು ನಂಜಪ್ಪನ ಮುಖ ನೋಡಿದರು.

“ಕೆಲಸ ಹೋಯ್ತು ನಂಜಪ್ಪ.”

ದೊಡ್ಡಣ್ಣ ಕಿವಿಯಿಂದ ಕೈ ತೆಗೆದರು.

“ನಿನ್ನ ಬೇಡ ಅಂದಿದಾರೆ. ಪತ್ರದಲ್ಲಿ ಇರೋದು ಅದೇ. ಐದರೊಳಗೆ ಬಸವರಾಜುಗೆ ಬರ್ತೀನಿ ಅಂತ ಹೇಳು. ಇಲ್ಲಾಂದ್ರೆ ಅದೂ ಹೋಗುತ್ತೆ.”

ಗೌರಮ್ಮ ಒಳಗೆ ಹೋಗಿ ಒಲೆ ಆರಿಸಿದಳು. ನಂಜಪ್ಪ ದೇವರ ಗೂಡಿನ ಕಡೆ ನೋಡಿದ, ಸರ್ ಕಡೆ ನೋಡಿದ.

“ಇದ್ನ ಶನಿವಾರ ಹೇಳಕ್ಕೆ ಏನಾಗಿತ್ತು ಸರ್?”

“ನಿನ್ನ ಮುಖ ಬೆಳಗ್ತು ಕಣಪ್ಪ. ಆರಿಸೋಕೆ ಆಗ್ಲಿಲ್ಲ ನನ್ ಕೈಲಿ.”

“ಹಂಗಂತ ನನ್ನ ಊರ್ ತುಂಬಾ ಹೋಳಿಗೆ ಹಂಚಕ್ಕೆ ಬುಟ್ರಾ?”

ನಾನು ನನ್ನ ಫೋನ್ ತೆಗೆದು ನೋಡಿದೆ. ಒಂದು ಕಡ್ಡಿ ಸಿಗ್ನಲ್ ಇಲ್ಲ. “ಎಲ್ಲಿ ಸಿಗುತ್ತೆ?” ಎಂದೆ. “ಏರಿ ಮ್ಯಾಲೆ” ಎಂದು ದೊಡ್ಡಣ್ಣ ಕೈ ತೋರಿಸಿದರು.

ಕೆರೆ ಏರಿಗೆ ಓಡಿದೆವು. ನಂಜಪ್ಪ ಮುಂದೆ, ನಾನು ಹಿಂದೆ, ಸರ್ ಚೀಲ ಎಲ್ಲೋ ಬಿಟ್ಟು ನನ್ನ ಹಿಂದೆ. ಏರಿ ಹತ್ತಿದರೆ ಅಲ್ಲಿ ನಿಜವಾದ ಕೋಡಿ. ನೀರು ಬಂಡೆಗಳ ಮೇಲೆ ಧುಮುಕುತ್ತಿತ್ತು, ಬೆಳಗಿನ ಮೊರವೊಂದು ಕಲ್ಲಿಗೆ ಸಿಕ್ಕಿ ಗಿರಗಿರನೆ ತಿರುಗುತ್ತಿತ್ತು. ಸಿಗ್ನಲ್ ಬಂತು. ರಿಂಗ್ ಆಯಿತು. ಬಸವರಾಜು ಎತ್ತಿದ. ನಂಜಪ್ಪ ಫೋನಿಗೆ ಕೂಗಿದ.

“ಅಣ್ಣ, ಬತ್ತೀನಿ.”

ಬಸವರಾಜುಗೆ ಕೇಳಿಸಲಿಲ್ಲ. ಕೋಡಿಯ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಅತ್ತ ಸರಿದರೆ ಸಿಗ್ನಲ್ ಹೋಗುತ್ತದೆ, ಇತ್ತ ನಿಂತರೆ ಮಾತು ಹೋಗುತ್ತದೆ. ಸರ್ ಬಂದವರೇ ತಮ್ಮ ಹೆಗಲ ಮೇಲಿನ ಟವೆಲ್ಲನ್ನು ನಂಜಪ್ಪನ ತಲೆಗೆ, ಫೋನಿಗೆ ಸೇರಿಸಿ ಮುಸುಕು ಹಾಕಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತರು. ಟವೆಲ್ಲಿನ ಒಳಗಿಂದ ನಂಜಪ್ಪನ ದನಿ ಬರುತ್ತಿತ್ತು.

“ಬತ್ತೀನಿ ಕಣಣ್ಣ. ಹೂಂ. ನನ್ನ ಬೇಡ ಅಂದವ್ರೆ. ತಪ್ಪು ತಿಳ್ಕೊಂಡಿದ್ದೆ. ಹೂಂ, ನಾನೇ ಮಾತಾಡ್ತಿರೋದು. ಕೋಡಿ ಸದ್ದು ಕಣಣ್ಣ ಅದು. ಬತ್ತೀನಿ.”

ಮುಸುಕು ತೆಗೆದಾಗ ಅವನ ಮುಖ ಒದ್ದೆಯಾಗಿತ್ತು. ನೀರಿನ ತುಂತುರೋ ಏನೋ. “ನಾಳೆ ಬೆಳಗ್ಗೆ ಗೇಟ್ ತಾವ ಬಾ ಅಂದ” ಎಂದ, ನನ್ನ ಕಡೆ ನೋಡಿ. ಸರ್ ಕಡೆ ನೋಡಲಿಲ್ಲ.

ಗೌರಮ್ಮ ಬಾಳೆ ಎಲೆಯಲ್ಲಿ ಹೋಳಿಗೆ ಕಟ್ಟಿ ನನ್ನ ಸ್ಕೂಟರಿನ ಡಿಕ್ಕಿಯಲ್ಲಿಟ್ಟಳು. ಸರ್ ಚೀಲವನ್ನು ತಂದು ಕೊಟ್ಟಿದ್ದು ದೊಡ್ಡಣ್ಣ. ನಂಜಪ್ಪ ಹೊರಗೆ ಬರಲಿಲ್ಲ. ಆಮೇಲೆ ಎಳನೀರೂ ಬರಲಿಲ್ಲ.

ಮಾರನೇ ದಿನದಿಂದ ಸರ್ ಬದಲಾದರು. ಪತ್ರ ಕೊಡುವಾಗ ಎರಡೂ ಅಂಗೈ ಮೇಜಿನ ಮೇಲೆ ಊರಿ, ಮೊದಲು ಕನ್ನಡದಲ್ಲಿ ವಿಷಯ. ವಾರ್ನಿಂಗ್ ಕೊಟ್ಟಿದಾರೆ. ರಜೆ ಇಲ್ಲ ಅಂದಿದಾರೆ. ಕೆಲಸ ಇಲ್ಲ. ಎದುರಿಗಿದ್ದವನು ಉಸಿರು ಬಿಟ್ಟ ಮೇಲೆ, ಮೆತ್ತಗೆ, ಊಟಕ್ಕೆ ಇನ್ನಷ್ಟು ಬಡಿಸಲಾ ಎಂದು ಕೇಳುವ ಹಾಗೆ, “ಮೂಲ ಬೇಕಾ?” ಎನ್ನುತ್ತಿದ್ದರು. ಬಹಳ ಜನ ಬೇಡ ಎಂದು ಎದ್ದು ಹೋಗುತ್ತಿದ್ದರು. ಅವರು ಬೇಜಾರು ಮಾಡಿಕೊಳ್ಳಲಿಲ್ಲ ಎಂದು ನಾನು ಬರೆಯುವುದಿಲ್ಲ. ಮಾಡಿಕೊಂಡರು. ಕ್ಯಾಂಟೀನಿನ ಆ ಪ್ರಶ್ನೆಯೂ ನಿಂತುಹೋಯಿತು. ರಿಟೈರ್ ಆಗುವ ಹೊತ್ತಿಗೆ ಅವರ ಕಥೆ ಕೇಳಲು ಉಳಿದಿದ್ದವಳು ನಾನೊಬ್ಬಳೇ.

ಹೋದ ತಿಂಗಳು ಅವರು ತುಮಕೂರಿನ ಆಸ್ಪತ್ರೆಯಲ್ಲಿದ್ದಾರೆ ಎಂದು ಕೇಳಿ ನೋಡಲು ಹೋದೆ. ಕಾರಿಡಾರಿನಲ್ಲಿ ನಂಜಪ್ಪ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಕೆತ್ತಿದ ಎರಡು ಎಳನೀರು.

“ಏನ್ ನಂಜಪ್ಪ, ಕೋಪ ಇಳೀತಾ?”

“ಇಳಿದಿಲ್ಲ ಬುಡಿ ಮೇಡಂ. ಅಂಗಂತ ನೋಡ್ದೆ ಇರಾಕಾಯ್ತದಾ?”

ಸರ್ ಮಗಳು ಹೊರಗೆ ಬಂದು ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದಳು. ಡಾಕ್ಟರ್ ಬಳಸಿದ ಇಂಗ್ಲಿಷ್ ಪದವನ್ನು ಹೇಳಿ, ಇನ್ನು ವಾಸಿ ಮಾಡಲು ಆಗುವುದಿಲ್ಲ, ನೋವಾಗದ ಹಾಗೆ ನೋಡಿಕೊಳ್ಳುತ್ತೇವೆ ಎಂದಿದ್ದಾರೆ, ಅಪ್ಪನಿಗೆ ಮಾತ್ರ ಹೇಳಬೇಡಿ ಎಂದು ಅತ್ತಳು. ನಾನು ಹೂಂ ಎಂದೆ. ನಂಜಪ್ಪ ಏನೂ ಅನ್ನಲಿಲ್ಲ.

ಒಳಗೆ ಸರ್ ಹಾಸಿಗೆಯಲ್ಲಿ ಚಿಕ್ಕವರಾಗಿದ್ದರು. ಮೊದಲು ನಂಜಪ್ಪನನ್ನು ನೋಡಿದರು, ತುಂಬಾ ಹೊತ್ತು. ಆಮೇಲೆ ನನ್ನ ಕಡೆ ತಿರುಗಿದರು.

“ಡಾಕ್ಟ್ರು ಏನೋ ಹೊಸ ಪದ ಹೇಳ್ತಿದ್ರು ಬಾಗಿಲಲ್ಲಿ. ಕೇಳಿಸ್ಲಿಲ್ಲ. ಏನಂದ್ರಮ್ಮ?”

“ರೆಸ್ಟ್ ತಗೋಬೇಕಂತೆ ಸರ್. ಸ್ವಲ್ಪ ದಿನ...” ಎಂದು ನಾನು ಏನೋ ಜೋಡಿಸತೊಡಗಿದೆ.

ನಂಜಪ್ಪ ಎಳನೀರನ್ನು ಮೇಜಿನ ಮೇಲಿಟ್ಟ. ಮಂಚದ ಅಂಚಿಗೆ ಎರಡೂ ಅಂಗೈ ಊರಿದ.

“ವಾಸಿ ಆಗಲ್ವಂತೆ ಸರ್. ನೋವಾಗ್ದಂಗೆ ನೋಡ್ಕೋತಾರಂತೆ.”

ಸರ್ ಕಣ್ಣು ಮುಚ್ಚಿದರು. ಬಾಗಿಲಲ್ಲಿ ಮಗಳು ಬಾಯಿಗೆ ಸೆರಗು ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಸರ್ ಒಂದು ಉದ್ದನೆಯ ಉಸಿರು ಬಿಟ್ಟರು, ಮೇಜಿನ ಮುಂದೆ ಕೂತವರು ಬಿಡುತ್ತಿದ್ದ ಹಾಗೆ. ಕಣ್ಣು ತೆರೆದು ನಂಜಪ್ಪನ ಕೈ ಮೇಲೆ ಕೈಯಿಟ್ಟರು.

“ಪದ ಏನಮ್ಮ?” ಎಂದು ನನ್ನನ್ನು ಕೇಳಿದರು.

“ಪ್ಯಾಲಿಯೇಟಿವ್.”

“ಓ” ಅಂದರು. ಆ ಮುಖದಲ್ಲಿ ಎಲ್ಲಿಂದಲೋ ಒಂದು ಬೆಳಕು ಬಂತು.

ನಂಜಪ್ಪ ಅವರನ್ನೇ ನೋಡುತ್ತಿದ್ದ. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತ.

“ಮೂಲ ಹೇಳಿ ಸರ್” ಅಂದ. “ಕೇಳ್ತೀನಿ.”

“ಪ್ಯಾಲಿಯಂ ಅಂತ ಒಂದು ಹೊದಿಕೆ ಕಣಪ್ಪ” ಎಂದು ಸರ್ ಶುರು ಮಾಡಿದರು. ಕಾಲಿನ ಹತ್ತಿರ ಜಾರಿದ್ದ ಕಂಬಳಿಯನ್ನು ಎಳೆದುಕೊಳ್ಳಲು ಕೈ ಚಾಚಿದರು, ಆಗಲಿಲ್ಲ. ನಂಜಪ್ಪ ಎದ್ದು ಅದನ್ನು ಅವರ ಎದೆಯವರೆಗೆ ಹೊದಿಸಿ ಮತ್ತೆ ಕೂತ. “ಹಿಂದೆ ರೋಮ್‌ನಲ್ಲಿ ಜನ ಚಳಿಗೆ ಅದನ್ನ ಹೆಗಲ ಮೇಲಿಂದ ಹಿಂಗೆ ಸುತ್ಕೊಂಡು...”